ಐದು ಕುಂಕುಮದ ಹೆಬ್ಬೆಟ್ಟು

ಕದ ಬಡಿದ ಸಪ್ಪಳಕ್ಕೆ ಮೊದಲು ನನ್ನ ಎದೆ ಬಡಿದುಕೊಳ್ಳುತ್ತದೆ, ಆಮೇಲೆ ನಾನು ಏಳುತ್ತೇನೆ. ಹಾಲಿನವನು ಬಂದರೂ ಅಷ್ಟೇ, ಅಂಚೆಯವನು ಬಂದರೂ ಅಷ್ಟೇ. ಐವತ್ತರ ಹತ್ತಿರ ಬಂದೆ, ಈ ಚಾಳಿ ಬಿಡಲಿಲ್ಲ. ಮಕ್ಕಳು ನಗುತ್ತಾರೆ: "ಪೊಲೀಸನ ಹೇಂತಿ ನೀ. ಕದಾ ಬಡದ್ರ ಅಂಜಬೇಕಾದವರು ಉಳಿದ ಮಂದಿ." ಉಳಿದ ಮಂದಿ ಅಂಜುತ್ತಿದ್ದದ್ದು ಖರೆ. ಅವರು ಅಂಜುತ್ತಾರಲ್ಲ ಅಂತ ನಾನು ಅಂಜುತ್ತಿದ್ದೆ. ಹೀಗೆ ಒಂದು ಮನೆಯಲ್ಲಿ ಎರಡು ನಮೂನೆಯ ಅಂಜಿಕೆ ಇಟ್ಟುಕೊಂಡು ಸಂಸಾರ ಮಾಡಿದವಳು ನಾನು.

ನನ್ನ ತವರು ಮುಂಡಗೋಡದ ಕಡೆಯ ಒಂದು ಹಳ್ಳಿ. ದಾಂಡೇಲಿಯಲ್ಲಿ ಕಾನ್‌ಸ್ಟೇಬಲ್ ಆಗಿದ್ದವರಿಗೆ ನನ್ನನ್ನು ಕೊಡುವ ಮಾತು ಬಂದಾಗ ಸೋದರತ್ತೆ ಒಬ್ಬಳು, "ಪೊಲೀಸಗ ಹೆಣ್ಣ ಕೊಡೂದೇನ? ನಾಳೆ ನಮ್ಮ ಮನೀಗೆ ಅಳಿಯ ಬಂದ್ರ ಓಣ್ಯಾಗಿನ ಮಂದಿ ಏನ ತಿಳಕೊಂಡಾರು?" ಅಂದಿದ್ದಳು. ಅಳಿಯ ಹಬ್ಬಕ್ಕೆ ಬಂದಾನೋ ಜಪ್ತಿಗೆ ಬಂದಾನೋ ಅಂತ ಮಂದಿ ಗೊಂದಲಕ್ಕೆ ಬೀಳುತ್ತಾರೆ ಅನ್ನುವುದು ಅವಳ ಚಿಂತೆ. ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿದ್ದ ಕಾಲ ಅದು. ಸರ್ಕಾರ ಬದಲಾಗಿತ್ತು, ಪೊಲೀಸರನ್ನು ಕಂಡರೆ ಮಂದಿ ಓಣಿ ಬದಲಿಸುವುದು ಮಾತ್ರ ಹಾಗೇ ಇತ್ತು.

ಪೊಲೀಸ್ ಲೈನಿನಲ್ಲಿ ಮನೆ ಖಾಲಿ ಇರಲಿಲ್ಲ. ಅಂಬೇವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಮಾಲಕರು ಪಕ್ಕದಲ್ಲೇ ಇದ್ದರು. ಅವರು ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಮೇಸ್ತ್ರಿ. ಮನೆ ಕೇಳಲು ಹೋದಾಗ ನಮ್ಮವರು ಖಾಕಿ ಡ್ರೆಸ್ ಮೇಲೆ ಹೋಗಿದ್ದರಂತೆ. ಮೇಸ್ತ್ರಿ ಎರಡನೇ ಮಾತಿಲ್ಲದೆ ಕೀಲಿ ಕೊಟ್ಟರು. ಆಮೇಲೆ ಒಳಗೆ ಹೋಗಿ ಹೆಂಡತಿಯ ಕೈಯಲ್ಲಿ ಎಷ್ಟು ಬೈಸಿಕೊಂಡರು ಅನ್ನುವುದು ಎಷ್ಟೋ ವರ್ಷದ ಮೇಲೆ ನನಗೆ ಗೊತ್ತಾಯಿತು.

ಬಾವಿಕಟ್ಟೆಗೆ ನಾನು ಕೊಡ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು. ಹಗ್ಗ ಬಿಟ್ಟು ಜಾಗ ಕೊಡುತ್ತಿದ್ದರು. ಸರದಿ ಬಿಟ್ಟು ಮೊದಲು ನೀರು ಸೇದುವುದು ಎಂಥ ಶಿಕ್ಷೆ ಅಂತ ಅನುಭವಿಸಿದವರಿಗೇ ಗೊತ್ತು. "ನೀವ ಮೊದಲು ಸೇದ್ರಿ" ಅಂದರೆ, "ಬ್ಯಾಡ್ರಿ ಬಾಯಾರ, ನೀವ ತಗೋರಿ, ನಮಗೇನ ಅವಸರ" ಅನ್ನುವರು. ನಾನು ಎರಡು ಕೊಡ ತುಂಬಿಕೊಂಡು ತಿರುವಿನಲ್ಲಿ ಮರೆಯಾಗುವ ತನಕ ಅವರಿಗೆ ಅವಸರ ಇರುತ್ತಿರಲಿಲ್ಲ. ಮರೆಯಾದ ಕೂಡಲೇ ನಗೆ, ಮಾತು, ಕೊಡದ ಸಪ್ಪಳ ಎಲ್ಲ ಒಟ್ಟಿಗೆ ಶುರು. ನಾನು ಮನೆಗೆ ಬಂದು, ಏನು ಮಾತಾಡಿರಬಹುದು ಅಂತ ಒಂದು ತಾಸು ಯೋಚನೆ ಮಾಡುತ್ತಿದ್ದೆ.

ಅವರು ಅಂಜುತ್ತಿದ್ದ ಪೊಲೀಸಪ್ಪನನ್ನು ನಾನು ನೋಡುತ್ತಿದ್ದ ರೀತಿ ಬೇರೆ. ಬೆಳಗಿನ ಜಾವಕ್ಕೆ ಎದ್ದು ಬೆಲ್ಟಿನ ಹಿತ್ತಾಳೆ ಬಿಲ್ಲೆಯನ್ನು ಹುಣಸೇಹಣ್ಣು ಹಚ್ಚಿ ತಿಕ್ಕುವ ಮನುಷ್ಯ. ಅರ್ಧ ಚೊಣ್ಣಕ್ಕೆ ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅದು ತಾನೇ ನಿಲ್ಲುತ್ತಿತ್ತು, ಒಳಗೆ ಕಾಲು ಬೇಕಿರಲಿಲ್ಲ. ಮೊಣಕಾಲ ಕೆಳಗೆ ಪಟ್ಟಿ ಸುತ್ತಿ ಸುತ್ತಿ ಮೀನಖಂಡದ ಮೇಲೆ ಕೂದಲೇ ಉಳಿದಿರಲಿಲ್ಲ. ಇಂಥ ಹೊತ್ತಿಗೆ ಬರುತ್ತೇನೆ ಅಂತ ಹೇಳಿ ಹೋದದ್ದೇ ಇಲ್ಲ. ಆರೋಪಿಯನ್ನು ಬಸ್ಸಿನಲ್ಲಿ ಹಳಿಯಾಳದ ಕೋರ್ಟಿಗೆ ಕರೆದೊಯ್ದರೆ, ಅವನಿಗೆ ಕೈಕೋಳ, ಇವರಿಗೆ ಹಸಿವೆ. ಜೋಯ್ಡಾ ಅಡವಿಯ ಹಳ್ಳಿಗಳಿಗೆ ಗಸ್ತಿ ಹೋದರೆ ಸೈಕಲ್ ಅರ್ಧ ದಾರಿ ಇವರನ್ನು ಹೊರುತ್ತಿತ್ತು, ಉಳಿದರ್ಧ ಇವರು ಸೈಕಲನ್ನು ಹೊರುತ್ತಿದ್ದರು. ಹೋಗಿ ಬಂದದ್ದಕ್ಕೆ ಸಾಕ್ಷಿ ಬೇಕು. ಪ್ರತಿ ಊರಿನಲ್ಲಿ ಪೊಲೀಸ ಪಾಟೀಲರ ಕೈಯಿಂದ ಗಸ್ತಿ ಪುಸ್ತಕದಲ್ಲಿ ರುಜು ಹಾಕಿಸಿಕೊಂಡು ಬರಬೇಕು. ರುಜು ಇಲ್ಲದಿದ್ದರೆ ಹೋಗಲೇ ಇಲ್ಲ ಅಂತ ಲೆಕ್ಕ. ನಮ್ಮವರಿಗೆ ಈ ರುಜು ಎಷ್ಟು ಮೈಗೂಡಿತ್ತೆಂದರೆ, ಅಂಗಡಿಯಿಂದ ಎಣ್ಣೆ ತಂದರೂ ಕಿಸೆ ತಡಕಿ ಅಂಗಡಿಯವನ ರುಜು ಬಿಟ್ಟುಬಂದವರ ಹಾಗೆ ನಿಲ್ಲುತ್ತಿದ್ದರು.

ಒಂದು ಮಳೆಗಾಲದ ಸಂಜೆ ಪೂರಾ ತೊಯ್ದು ಬಂದರು. ಸರ್ಕಾರ ಕೊಟ್ಟ ಮಳೆಕೋಟು ಸುತ್ತಿ ಕೈಯಲ್ಲಿದೆ. ನಾನು ಸುಮ್ಮನಿರುವವಳೇ? "ಕೋಟ ಕೊಟ್ಟದ್ದು ಕೈಯಾಗ ಹಿಡಕೊಂಡು ತಿರಗಾಕೇನ್ರಿ?" ಅಂದೆ. ಅವರು ಕೋಟನ್ನು ನನಗೆ ಮುಟ್ಟಗೊಡಲಿಲ್ಲ, ಹಿತ್ತಲಲ್ಲಿ ತಾವೇ ತೊಳೆದು ಹಾಕಿದರು. ಮೂರು ದಿನ ಜ್ವರ ಬಂತು. ಮೂರು ದಿನವೂ ಕಷಾಯದ ಜೊತೆ ಕೋಟಿನ ಮಾತನ್ನು ನಾನು ಕುಡಿಸಿದೆ. ಯಾಕೆ ಅಂತ ಕೇಳುವುದು ಮಾತ್ರ ನೆನಪಾಗಲಿಲ್ಲ.

ಅದೇ ದಿನಗಳಲ್ಲಿ ಅಂಗಡಿಯಿಂದ ಬೆಲ್ಲ ಕಟ್ಟಿಕೊಟ್ಟ ಕಾಗದದ ಮೇಲೆ ಒಂದು ಚಿತ್ರ ಬಂತು. ಸಾಹೇಬರ ಬಂಗಲೆಗಳಿಂದ ರದ್ದಿಗೆ ಹೋದ ಇಂಗ್ಲಿಷ್ ಪತ್ರಿಕೆಯ ಹಾಳೆ. ಮೇಸ್ತ್ರಿ ನೋಡಿ, "ಇಂವ ಅಮೇರಿಕಾದ ಪೊಲೀಸ ರೀ" ಅಂದರು. ದೊಡ್ಡ ಹೊಟ್ಟೆ, ಪೂರಾ ಪ್ಯಾಂಟು, ಸೊಂಟಕ್ಕೆ ಪಿಸ್ತೂಲು, ನಮ್ಮ ಎರಡೂ ಕೋಣೆ ಹಿಡಿಸುವಂಥ ಮೋಟಾರಿಗೆ ಆನಿಕೊಂಡು ನಿಂತಿದ್ದಾನೆ. ಸುತ್ತ ಐದಾರು ಮಂದಿ ನಗುತ್ತ ನಿಂತಿದ್ದಾರೆ. ಒಬ್ಬ ಮುದುಕಿ ಅವನ ತೋಳು ಹಿಡಿದಿದ್ದಾಳೆ! ನಾನು ಬೆಲ್ಲದ ಅಂಟು ಒರೆಸಿ ಆ ಹಾಳೆಯನ್ನು ಅಡಿಗೆಮನೆ ಗೋಡೆಗೆ ಅನ್ನದ ಅಗುಳಿನಿಂದ ಹಚ್ಚಿದೆ.

"ನನ್ನ ಫೋಟೋ ಹಚ್ಚಿಲ್ಲ, ಇವನ್ನ ಹಚ್ಚಿ" ಅಂದರು ನಮ್ಮವರು.

"ಮಂದಿ ಅವನ ಹಂತ್ಯಾಕ ನಿಂತು ನಗಾಕತ್ಯಾರ ನೋಡ್ರಿ."

"ಫೋಟೋದವ ನಗ್ರಿ ಅಂದಿರತಾನ. ಫೋಟೋ ತಗದ ಮ್ಯಾಲೆ ಓಡಿ ಹೋಗಿರತಾರ."

ಅವನ ಹೆಂಡತಿ ಹೇಗಿರಬಹುದು, ಅವಳು ನೀರಿಗೆ ಹೋದರೆ ಅಲ್ಲಿಯೂ ಮಾತು ನಿಲ್ಲುತ್ತದೆಯೋ ಏನೋ ಅಂತ ನಾನು ಒಗ್ಗರಣೆ ಹಾಕುತ್ತ ಯೋಚಿಸುತ್ತಿದ್ದೆ.

ಇಷ್ಟರಲ್ಲಿ ನನಗೆ ದಿನ ತುಂಬತೊಡಗಿದವು. ಮೊದಲಿನ ಬಸಿರು ಮೂರು ತಿಂಗಳಿಗೇ ಹೋಗಿತ್ತು. ಇದು ಏಳಕ್ಕೆ ಬಂದಿತ್ತು. ನಿದ್ದೆಯಲ್ಲೂ ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸುತ್ತಿದ್ದೆ. ಕುಬಸ ಮಾಡಬೇಕು. ಹಸಿರು ಸೀರೆ, ಹಸಿರು ಬಳೆ ತೊಡಿಸಿ ಕೂರಿಸಿ, ಐವರು ಮುತ್ತೈದೆಯರು ಉಡಿ ತುಂಬಿದರೆ ತಾಯಿ ಮಗು ಎರಡೂ ಸುಖವಾಗಿ ಬೇರೆಯಾಗುತ್ತವೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅತ್ತೆ ಇರಲಿಲ್ಲ. ಗಂಡನ ಊರಿಗೆ ಹೋಗಿ ಮಾಡಬೇಕೆಂದರೆ ರಜೆ ಸಿಗಲಿಲ್ಲ. ಬಂದೋಬಸ್ತು ಇತ್ತು, ಬಂದೋಬಸ್ತು ಯಾವಾಗಲೂ ಇರುತ್ತಿತ್ತು. ಅವ್ವನಿಗೆ ಕಾಗದ ಬರೆಸಿದೆ. ಅವ್ವ ವಿಧವೆ. ಎಲ್ಲ ಮಾಡಬಲ್ಲಳು, ಉಡಿ ಮಾತ್ರ ತುಂಬುವ ಹಾಗಿರಲಿಲ್ಲ ಆ ಕಾಲದಲ್ಲಿ. ಅಂದರೆ ಐವರೂ ಅಂಬೇವಾಡಿಯವರೇ ಆಗಬೇಕು. ನನ್ನನ್ನು ಕಂಡರೆ ಹಗ್ಗ ಬಿಟ್ಟು ಸರಿಯುವವರೇ ಆಗಬೇಕು.

ಕರೆಯಲು ಹೋಗುವವರು ಯಾರು? ಅವ್ವ ಬರುವುದು ಅದೇ ದಿನ ಮುಂಜಾನೆ. ನಾನೇ ಹೋಗಬಹುದಿತ್ತು. ಆದರೆ ಎದುರಿಗೇ "ಬರೂದಾಗೂದಿಲ್ಲ" ಅಂದುಬಿಟ್ಟರೆ? ಆ ಒಂದು ಮಾತಿನ ಅಂಜಿಕೆಗೆ, ನಾಲ್ಕು ರಾತ್ರಿ ಹೊರಳಾಡಿ, ಇದ್ದದ್ದರಲ್ಲೇ ಅತ್ಯಂತ ಕೆಟ್ಟ ಉಪಾಯ ಹುಡುಕಿದೆ. ಒಂಬತ್ತು ಮನೆಗಳ ಪಟ್ಟಿ ಮಾಡಿ ನಮ್ಮವರ ಕೈಗೆ ಕೊಟ್ಟು, "ಡ್ಯೂಟಿಗೆ ಹೋಗೂ ಮುಂದ ಹೇಳಿ ಹೋಗ್ರಿ. ಮರೀಬ್ಯಾಡ್ರಿ. ಹೇಳಿದ ಮನೀಗೆ ಗುರುತು ಹಾಕ್ಕೊಂಡ ಬರ್ರಿ" ಅಂದೆ.

ಮರುದಿನ ಮಧ್ಯಾಹ್ನ ಅವರು ಕಿಸೆಯ ನೋಟುಬುಕ್ಕು ತೆಗೆದು ನನ್ನ ಮುಂದೆ ಇಟ್ಟರು. ಮುಖದಲ್ಲಿ ಕೆಲಸ ಮುಗಿಸಿದ ನೆಮ್ಮದಿ. ಒಂಬತ್ತು ಮನೆ, ಒಂಬತ್ತು ಸಾಲು. ಪ್ರತಿ ಸಾಲಿನಲ್ಲಿ 'ಸದರಿಯವರಿಗೆ ತಿಳಿಸಲಾಗಿದೆ'. ಪಕ್ಕದಲ್ಲಿ ರುಜು. ರುಜು ಬಾರದವರದು ಪೆನ್ನಿನ ಮಸಿ ಹಚ್ಚಿ ಒತ್ತಿಸಿದ ಹೆಬ್ಬೆಟ್ಟು.

ನನ್ನ ಹೊಟ್ಟೆಯೊಳಗಿನದು ಒಮ್ಮೆ ಒದೆಯಿತು.

"ಏನಂತ ಹೇಳಿದ್ರಿ?"

"ನಾಳೆ ಮೂರು ಗಂಟೇಕ ನಮ್ಮ ಮನೀಗೆ ಹಾಜರಾಗ್ರಿ, ತಪ್ಪಸಬ್ಯಾಡ್ರಿ ಅಂತ."

"ಯಾಕಂತ ಹೇಳಲಿಲ್ಲೇನು?"

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ನನ್ನ ಹೇಂತಿ ಕುಬಸ ಐತಿ ಅಂತ ಗಂಡಸ ಆಗಿ ಮನೀ ಮನೀ ಮುಂದ ನಿಂತು ಹೆಂಗ ಹೇಳ್ಲಿ? ಬಂದಮ್ಯಾಲೆ ತಿಳೀತದ ಅಂದೆ."

ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಅಕ್ಕಿ ಆರಿಸಲು ಕೂತೆ. ಕೈಯಲ್ಲಿ ಲಾಠಿ, ತಲೆಯ ಮೇಲೆ ಟೊಪ್ಪಿಗೆ, ನೋಟುಬುಕ್ಕಿನಲ್ಲಿ ಹೆಬ್ಬೆಟ್ಟು: ಇದಕ್ಕಿಂತ ಚೆಂದಾಗಿ ಆ ಒಂಬತ್ತು ಮನೆಯವರನ್ನು ಹೆದರಿಸುವುದು ಠಾಣೆಯ ಯಾವ ಫೌಜದಾರರಿಗೂ ಆಗುತ್ತಿರಲಿಲ್ಲ. ಅವರನ್ನು ಬೈಯಲೂ ಬಾಯಿ ಬರಲಿಲ್ಲ. ಗುರುತು ಹಾಕ್ಕೊಂಡು ಬರ್ರಿ ಅಂದವಳು ನಾನೇ.

ಆ ಸಂಜೆಯಿಂದಲೇ ಓಣಿಯಲ್ಲಿ ಏನೇನೋ ನಡೆಯಿತು. ಬಾವಿಯಲ್ಲಿ ದಪ್ಪನೆಯದೇನೋ ಬಿದ್ದ ಸಪ್ಪಳ. ಮೇಸ್ತ್ರಿಯವರ ಹಿತ್ತಲಿನಿಂದ ಕೊಡಲಿಯ ಏಟು, ಹಿಂದೆಯೇ ಹೊಗೆ. ದಾಂಡೇಲಿಯಲ್ಲಿ ಸಾಗವಾನಿಯ ಒಂದು ತುಂಡಾದರೂ ಇಲ್ಲದ ಮನೆ ಯಾವುದು? ಅದಕ್ಕೆ ಅರಣ್ಯ ಇಲಾಖೆಯ ಪಾಸು ಇರುವ ಮನೆ ಯಾವುದು? ನಾನು ಕಿಟಕಿಯಿಂದ ಆ ಹೊಗೆ ನೋಡುತ್ತ, ಈಗಲೇ ಹೋಗಿ ಹೇಳಲೇ ಅಂದುಕೊಂಡೆ. ಅಷ್ಟರಲ್ಲಿ ಅವರ ಹಿತ್ತಲ ಬಾಗಿಲು ಮುಚ್ಚಿತು. ಹೇಳದೆ ಉಳಿದೆ. ನನ್ನ ಅಂಜಿಕೆಯ ಖಾತೆಯಲ್ಲಿ ಇದೂ ಒಂದು.

ಮುಂಜಾನೆ ಅವ್ವ ಹಳಿಯಾಳದಲ್ಲಿ ಬಸ್ಸು ಬದಲಿಸಿ ಬಂದಳು. ಶೇಂಗಾ ಹೋಳಿಗೆ, ಕರಚಿಕಾಯಿ, ಸಜ್ಜೆರೊಟ್ಟಿಯ ಗಂಟು, ಹಸಿರು ಇಳಕಲ್ ಸೀರೆ. ನಾನು ನಡೆದದ್ದು ಹೇಳಿದೆ. ಅವ್ವ ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು. "ನಾ ಹೋಗಿ ಹೇಳಿ ಬರ್ತೇನಿ ತಡಿ" ಅಂತ ಹೊರಟರೆ ನಾಲ್ಕು ಮನೆಗೆ ಕೀಲಿ. ಉಳಿದ ಮನೆಗಳಲ್ಲಿ ಒಳಗೆ ಮಂದಿ ಇದ್ದೂ ಕದ ತೆರೆಯಲಿಲ್ಲ. ಅಪರಿಚಿತ ಹೆಂಗಸು ಪೊಲೀಸಪ್ಪನ ಮನೆಯಿಂದ ಹೊರಟದ್ದನ್ನು ಅವರು ಸಂದಿಯಿಂದ ನೋಡಿದ್ದರು.

ನಮ್ಮವರಿಗೆ ಅರ್ಧ ದಿನ ಪರವಾನಿಗೆ ಸಿಕ್ಕಿತ್ತು. ಒಂದು ಗಂಟೆಗೆ ಠಾಣೆಯಿಂದ ಆಳು ಬಂತು. ಕಾಳಿ ಹೊಳೆಯಲ್ಲಿ ಯಾರದೋ ಹೆಣ ದಡಕ್ಕೆ ಬಂದಿದೆ, ಪಂಚನಾಮೆ ಆಗುವ ತನಕ ಕಾಯಬೇಕು. ಅವರು ನನ್ನ ಮುಖ ನೋಡಿದರು. ನೋಟುಬುಕ್ಕನ್ನು ಗೋಡೆಯ ಮಾಡದಲ್ಲೇ ಬಿಟ್ಟು ಹೋದರು. ಕುಬಸದ ದಿನ ಹೆಣದ ಕಡೆ ಹೊರಟ ಗಂಡನನ್ನು ನೋಡಿ ಅವ್ವ ದೇವರ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದಳು. ಆಮೇಲೆ ನನಗೆ ಹೂವಿನ ದಂಡೆ ಕಟ್ಟುತ್ತ, "ಹೊತ್ತ ಮುಳುಗೂದ್ರಾಗ ಐದು ಮಂದಿ ಬರಬೇಕವ್ವಾ" ಅಂದಳು.

ಮೂರು ಗಂಟೆಗೆ ಸರಿಯಾಗಿ ಬಂದರು. ಗಂಡಸರು!

ಏಳು ಮಂದಿ ಗಂಡಸರು ಚಪ್ಪಲಿ ಹೊರಗೆ ಬಿಟ್ಟು, ಅಂಗಳದಲ್ಲಿ ಗೋಡೆಗೆ ಅಂಟಿಕೊಂಡು ನಿಂತರು. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ನನಗೆ ಬಾಗಿಲ ಸಂದಿಯಿಂದ ಅವರ ಕೈಗಳು ಕಾಣುತ್ತಿದ್ದವು. ಒಬ್ಬನ ಕೈಯಲ್ಲಿ ರೇಡಿಯೋ ಲೈಸನ್ಸು. ಒಬ್ಬ ಸೈಕಲ್ಲಿನ ತೆರಿಗೆ ಬಿಲ್ಲೆಯನ್ನೇ ಬಿಚ್ಚಿ ತಂದಿದ್ದ. ಒಬ್ಬ ಮುದುಕ ಉರುವಲು ತರುವ ಪಾಸನ್ನು ಎದೆಗೆ ಒತ್ತಿಕೊಂಡಿದ್ದ. ಮೇಸ್ತ್ರಿಯವರ ಕೈ ಖಾಲಿ. ಎರಡೂ ಕೈ ಮುಂದೆ ಕಟ್ಟಿದ್ದರು.

ಅವ್ವ ಹೊಸ್ತಿಲಿಗೆ ಬಂದಳು. "ಕುಬಸಕ್ಕ ಕರದ್ರ ಗಂಡಸರು ಬಂದೀರೆಲ್ಲೋ ಯಪ್ಪಾ! ಉಡೀ ನೀವ ತುಂಬವರೇನು?"

ರೇಡಿಯೋದವನು ಕೇಳಿದ, "ಕುಬಸಾ?"

"ನನ್ನ ಮಗಳದು."

"ತಪಾಸಣಿ ಅಲ್ಲೇನ್ರಿ ಅವ್ವಾರ?"

"ನನ್ನ ಅಳಿಯಗ ಮಾತಾಡಾಕ ಬರೂದಿಲ್ಲಪ್ಪಾ. ಬಂದಿದ್ರ ಪೊಲೀಸ ಯಾಕ ಆಗತಿದ್ದ, ವಕೀಲ ಆಗತಿದ್ದ."

ಸೈಕಲ್ಲಿನವನು ಫಕ್ಕನೆ ನಕ್ಕ. ಮುದುಕನೂ ನಕ್ಕ. ನಗದವರು ಮೇಸ್ತ್ರಿ ಒಬ್ಬರೇ. "ಅವ್ವಾರ," ಅಂದರು ಮೆಲ್ಲಗೆ, "ನಾ ನನ್ನ ಮದುವಿ ಮಂಚಾ ಕಡದು ಒಲೀಗೆ ಹಾಕೇನ್ರಿ."

ನಗು ನಿಂತಿತು. ಅವರೆಲ್ಲ ಚಪ್ಪಲಿ ಮೆಟ್ಟಿ ಹೋದರು. ಹೆಣ್ಣುಮಕ್ಕಳನ್ನು ಕಳಿಸುತ್ತೇವೆ ಅಂತ ಯಾರೂ ಹೇಳಲಿಲ್ಲ. ನಾನು ಕಾದೆ. ನಾಲ್ಕಾಯಿತು. ಬಿಸಿಲು ಹೊಸ್ತಿಲು ಬಿಟ್ಟು ಅಂಗಳಕ್ಕೆ ಇಳಿಯಿತು. ನಾಲ್ಕೂವರೆ ಆಯಿತು. ಅವ್ವ ಆರತಿಯ ಬತ್ತಿಯನ್ನು ಮೂರು ಸಲ ಹೊಸದಾಗಿ ಹೊಸೆದಳು. ನಾನು ಒಳಬಾಗಿಲಿನಿಂದ ಕಾಣುವ ಅಡಿಗೆಮನೆ ಗೋಡೆಯ ಅಮೇರಿಕದವನನ್ನು ನೋಡುತ್ತ ಕೂತೆ. ಅವನ ಸುತ್ತಲಿನವರು ನಗುತ್ತಲೇ ಇದ್ದರು.

ಆಗ ಬಂದವಳು ಪಟ್ಟಿಯಲ್ಲಿ ಇಲ್ಲದವಳು.

ಓಣಿಯ ಕೊನೆಯ ಗುಡಿಸಲಿನ ಸಿದ್ದಿ ಹೆಣ್ಣುಮಗಳು. ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರ ಕಡೆಯಿಂದ ಕೂಲಿಗೆ ಬಂದು ನೆಲೆಸಿದವರು ಅವರು. ನನಗಿಂತ ಹತ್ತು ವರ್ಷ ದೊಡ್ಡವಳು. ಹಣೆಯ ತುಂಬ ಕುಂಕುಮ, ಕೈಯಲ್ಲಿ ಸೆರಗು ಮುಚ್ಚಿದ ಬಟ್ಟಲು. ಹೊಸ್ತಿಲ ಹೊರಗೇ ನಿಂತು, "ಬಾಯಿ, ನನ್ನ ಮನೀಗೆ ನಿನ್ನ ಪೊಲೀಸಪ್ಪ ಬರಲಿಲ್ಲ. ನನ್ನ ಹೆಬ್ಬೆಟ್ಟು ತಗೊಳಲಿಲ್ಲ. ಒಳಗ ಬರಲೇನು, ಇಲ್ಲಾ ವಾರಂಟ್ ಬೇಕೇನು?" ಅಂದಳು.

ನನಗೆ ಮುಖ ಎತ್ತಲು ಆಗಲಿಲ್ಲ. ಓಣಿ ನಮ್ಮನ್ನು ದೂರ ಇಟ್ಟಿದೆ ಅಂತ ವರ್ಷವಿಡೀ ಕೊರಗಿದವಳು ನಾನು. ಪಟ್ಟಿ ಮಾಡುವಾಗ ಒಂಬತ್ತನೇ ಮನೆಗೇ ಪೆನ್ನು ನಿಲ್ಲಿಸಿದವಳೂ ನಾನೇ. ಹತ್ತನೆಯದು ಅವಳದಾಗಿತ್ತು.

ಅವ್ವ ಅವಳ ಕೈ ಹಿಡಿದು ಒಳಗೆ ಕರೆದಳು. ಅವಳು ಕೂತು, ನನ್ನ ಉಡಿಗೆ ಅಕ್ಕಿ ಹಾಕುತ್ತ, "ನಿನ್ನ ಗಂಡ ಎಲ್ಲಿ?" ಅಂತ ಕೇಳಿದಳು.

"ಹೊಳೀ ದಂಡಿಗೆ ಹೆಣಾ ಕಾಯಾಕ ಹೋಗ್ಯಾರ."

ಅವಳ ಕೈ ಅಲ್ಲೇ ನಿಂತಿತು. "ನನ್ನ ತಮ್ಮನ್ನೂ ಅವನೇ ಕಾದಿದ್ದ" ಅಂದಳು. "ಮರದ ಬೊಡ್ಡಿ ಉಳ್ಳಿ ಮೈಮ್ಯಾಲೆ ಬಂದು ತಮ್ಮ ಸತ್ತನಲ್ಲ, ಆವತ್ತು. ಡಾಕ್ಟರ್ ಬರಾಕ ಸಂಜೀ ಆತು. ಮಳೀ ಅಂದ್ರ ಮಳಿ. ತನ್ನ ಕೋಟ ತಗದು ತಮ್ಮನ ಮ್ಯಾಲೆ ಹಾಕಿದ. ತಾ ತೋಯ್ಕೋಂತ ನಿಂತ. ನಾಯಿ ಬಂದ್ರ ಓಡಸತಿದ್ದ. ನನ್ನ ಸಂಗಾಟ ಒಂದ ಮಾತ ಆಡಲಿಲ್ಲ. ನಿನ್ನವ್ವ ಆಗ ಅಂಗಳದಾಗ ಹೇಳಿದ್ದು ಓಣೀಗೆಲ್ಲಾ ಕೇಳ್ತು. ಖರೇನ, ಮಾತಾಡಾಕ ಬರೂದಿಲ್ಲ ಅವಗ."

ಆ ಕೋಟನ್ನು, ಆ ಮೂರು ದಿನದ ನನ್ನ ಬೈಗಳನ್ನು ನೆನೆದು, ನಾನು ಉಡಿಯೊಳಗಿನ ಅಕ್ಕಿಯನ್ನೇ ನೋಡುತ್ತ ಕೂತೆ.

ಅವಳು ಎದ್ದಳು. "ಒಂದು ಆತು. ಇನ್ನ ನಾಕು ಬೇಕಲ್ಲ?" ಅಂತ ಹೊರಗೆ ಹೋಗಿ ಓಣಿಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳ ದನಿ ಕಾಳಿ ಹೊಳೆಯ ಆಚೆ ದಡಕ್ಕೂ ಕೇಳಿರಬೇಕು. "ಏ, ಕದಾ ತಗೀರಿ! ನಿಮ್ಮ ಬಾವ್ಯಾಗಿನ ಹಲಗಿ ಯಾರಿಗೂ ಬ್ಯಾಡ. ಬಸರಿ ಹುಡಗಿ ಮಣೀ ಮ್ಯಾಲೆ ಕುಂತು ಮಾರಿ ಸಣ್ಣ ಮಾಡ್ಯಾಳ. ಬರ್ರಿ, ಇಲ್ಲಂದ್ರ ನಾನ ಪಂಚನಾಮಿ ಮಾಡ್ತೇನಿ!"

ರೇಡಿಯೋದವನ ಹೆಂಡತಿ ಬಂದಳು. ಸೈಕಲ್ಲಿನವನ ಹೆಂಡತಿ ಬಂದಳು, ಒಳಗೆ ಬಂದು ನನ್ನನ್ನು ಕಂಡದ್ದೇ ನಗಲು ಶುರುಮಾಡಿ, ಆರತಿ ತಟ್ಟೆ ಹಿಡಿಯಲಾರದೆ ಕೆಳಗಿಟ್ಟಳು. ಉರುವಲಿನ ಮುದುಕನ ಹೆಂಡತಿ ಕೋಲು ಊರಿಕೊಂಡು ಬಂದು, "ಹದಿನೈದು ವರ್ಷ ಆತು, ಪೊಲೀಸರ ಮನಿ ಒಳಗಿಂದ ಹೆಂಗಿರತದ ಅಂತ ನೋಡಬೇಕಾಗಿತ್ತು. ನಮ್ಮ ಮನೀಗಿಂತಾ ಬಡವ ಐತಲ್ಲೇ!" ಅಂದಳು. ನಾಲ್ಕು ಮಂದಿ ಆದರು. ಹಾಡು ಹೇಳಿದರು, ಆದರೆ ನನ್ನ ಕಿವಿ ಪಕ್ಕದ ಮನೆಯ ಕಡೆಗೇ. ಅಂಗಳದ ಬಿಸಿಲು ತುಳಸಿಕಟ್ಟೆಯ ಬುಡ ಬಿಟ್ಟು ಮೇಲೇರಿತ್ತು.

ಮೇಸ್ತ್ರಿಯವರ ಹೆಂಡತಿ ಬಂದಾಗ ಹಾಡು ತಾನಾಗಿ ನಿಂತಿತು. ಅವಳ ಕೈಯಲ್ಲಿ ರವಿಕೆಯ ಖಣ, ಕೊಬ್ಬರಿ ಬಟ್ಟಲು. ಕಣ್ಣು ಕೆಂಪಗಿತ್ತು, ಹೊಗೆಗೋ ಸಿಟ್ಟಿಗೋ ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಮುಂದೆ ಕೂತು ಬೈಯಲು ಶುರುಮಾಡಿದಳು. ಬೈಯುತ್ತಲೇ ಉಡಿ ತುಂಬಿದಳು. "ನನ್ನ ಮದುವಿ ಮಂಚ. ನಾಕೂ ಕಾಲಿಗೆ ಗಿಳಿ ಕೆತ್ತಿದ್ರು. ಇವತ್ತಿನ ಅಡಿಗಿ ಅದರ ಮ್ಯಾಲೇ ಆಗೈತಿ. ನಿನ್ನ ಗಂಡಗ ಬಾಯಿ ಇಲ್ಲ, ನಿನಗೂ ಇಲ್ಲೇನು? ಬಾಜೂ ಮನಿ. ಒಂದ ಗ್ವಾಡಿ ನಡುವ. ಕೂಗಿದ್ರ ಕೇಳ್ತಿರಲಿಲ್ಲೇನು?" ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಷಿಣಕೊಂಬು, ಒಂದೊಂದಕ್ಕೂ ಒಂದೊಂದು ಬೈಗುಳ. ಕೊನೆಗೆ ನನ್ನ ಗದ್ದ ಹಿಡಿದು ಎತ್ತಿ, "ಅಳಬ್ಯಾಡ. ಬಸರಿ ಅಳಬಾರದು. ಸುಖವಾಗಿ ಹಡಿ" ಅಂದಳು.

ಐದು.

ಹೋಗುವ ಮುಂಚೆ ಮಾಡದಲ್ಲಿದ್ದ ನೋಟುಬುಕ್ಕು ಸಿದ್ದಿ ಹೆಣ್ಣುಮಗಳ ಕಣ್ಣಿಗೆ ಬಿತ್ತು. "ಇದೇ ಏನ ಅದು? ಬರ್ರಿ, ಹಾಜರಿ ಹಾಕೂಣು, ಇಲ್ಲಂದ್ರ ಪೊಲೀಸಪ್ಪ ನಂಬೂದಿಲ್ಲ!" ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಐವರೂ ಕುಂಕುಮ ಭರಣಿಯಲ್ಲಿ ಬೆರಳು ಅದ್ದಿ, ಒಂಬತ್ತು ಮಸಿ ಸಾಲುಗಳ ಎದುರಿನ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿದ್ದರು. ಅವರು ನಗುತ್ತಿದ್ದರೆ ನನಗೆ ಹೊಸ ಚಿಂತೆ ಹುಟ್ಟಿತು. ಅದು ಸರ್ಕಾರದ ಪುಸ್ತಕ. ಹಾಳೆಗಳಿಗೆ ನಂಬರಿದೆ, ಹರಿಯುವ ಹಾಗಿಲ್ಲ. ವಾರಕ್ಕೊಮ್ಮೆ ಫೌಜದಾರರು ನೋಡುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಬಂದರು. ಹೆಣ ಕಾದ ಮೈ, ಒಳಗೆ ಬರಲಿಲ್ಲ. ಹಿತ್ತಲಲ್ಲಿ ನಿಂತು ಅವ್ವನ ಕೈಯಿಂದ ಬಿಸಿನೀರು ಹಾಕಿಸಿಕೊಳ್ಳುತ್ತಿದ್ದರು. "ಎಷ್ಟ ಮಂದಿ ಹಾಜರಿದ್ರು?" ಅಂತ ಅಲ್ಲಿಂದಲೇ ಕೇಳಿದರು. ದನಿ ಸಣ್ಣಗಿತ್ತು. ಹೊಳೆಯ ದಂಡೆಯಲ್ಲಿ ಇಡೀ ಮಧ್ಯಾಹ್ನ ಅವರೂ ಇದನ್ನೇ ಎಣಿಸುತ್ತ ಕೂತಿದ್ದಿರಬೇಕು.

"ಐದು" ಅಂದೆ. ಆಮೇಲೆ, "ಆ ಮಳೀ ಕೋಟಿಂದು ಓಣಿ ಕಡೀ ಮನಿಯಾಕಿ ಹೇಳಿದ್ಲು" ಅಂದೆ. ನೀರಿನ ಸಪ್ಪಳ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಈ ಸಲ ನಾನು ಕೋಟಿನ ಮಾತು ಮುಂದುವರಿಸಲಿಲ್ಲ.

ಎರಡೂವರೆ ತಿಂಗಳಿಗೆ ಮಗಳು ಹುಟ್ಟಿದಳು. ಸುಖವಾಗಿಯೇ ಹುಟ್ಟಿದಳು. ಕದ ಬಡಿದರೆ ಅಂಜುವವಳು ನೀನು ಅಂತ ಈಗ ನನ್ನನ್ನು ಆಡಿಸುವವಳು ಅವಳೇ. ನೋಟುಬುಕ್ಕನ್ನು ಫೌಜದಾರರು ಅದೇ ವಾರ ನೋಡಿದರಂತೆ. ಕೆಂಪು ಹೆಬ್ಬೆಟ್ಟುಗಳ ಹಾಳೆಯನ್ನು ಬಹಳ ಹೊತ್ತು ಹಿಡಿದು, ನಮ್ಮವರ ಮುಖ ನೋಡಿ, ಏನೂ ಕೇಳದೆ ಕೆಳಗೆ 'ನೋಡಿದೆ' ಅಂತ ಬರೆದು ರುಜು ಹಾಕಿದರಂತೆ. ಬಾವಿಕಟ್ಟೆಯಲ್ಲಿ ನಾನು ಸರದಿಯಲ್ಲಿ ನಿಲ್ಲತೊಡಗಿದೆ. ಮೇಸ್ತ್ರಿಯವರ ಹೆಂಡತಿ ಎಷ್ಟೋ ಸಲ ನನ್ನನ್ನು ಹಿಂದೆ ತಳ್ಳಿ ಮೊದಲು ಸೇದಿದಳು. ಮಂಚಕ್ಕೆ ಅಷ್ಟಾದರೂ ಸಲ್ಲಬೇಕು.

ಆ ಮನೆ ಬಿಡುವಾಗ ಗೋಡೆಯ ಮೇಲಿನ ಅಮೇರಿಕದವನನ್ನು ಬಿಡಿಸಲು ನೋಡಿದೆ. ಅನ್ನದ ಅಂಟು ಗಟ್ಟಿಯಾಗಿತ್ತು. ಮೋಟಾರು ಬಂತು, ಅವನು ಬರಲಿಲ್ಲ. ಅಲ್ಲೇ ಬಿಟ್ಟು ಬಂದೆ. ಅವನ ಹೆಂಡತಿಗೆ ಐದು ಮಂದಿ ಸಿಕ್ಕರೋ ಇಲ್ಲವೋ ಅನ್ನುವ ಚಿಂತೆ ಮಾತ್ರ ನನ್ನ ಜೊತೆ ಬಂತು. ಈಗಲೂ ಇದೆ.